ಎಲೆಕ್ಟ್ರಾನುಗಳ ಸಿಳ್ಳೆ ಮತ್ತು ನಾನು ಬರೆದ ಎರಡು ಪತ್ರ

೨೦೦೭ರಲ್ಲಿ ನಾನು ಜಮಖಂಡಿಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ದೊಡ್ಡ ಹುದ್ದೆಯೇನಲ್ಲ. ವಿಭಾಗದಲ್ಲಿ ಇದ್ದವರು ಇಬ್ಬರೇ: ಇಪ್ಪತ್ತನಾಲ್ಕು ವರ್ಷ ಅಲ್ಲೇ ಪಾಠ ಮಾಡಿ ಕೂದಲು ನರೆಸಿಕೊಂಡಿದ್ದ ನಾನು, ಮತ್ತು ಆ ವರ್ಷ ಜೂನ್‌ನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬಂದ ಸುನಂದಾ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಬನಹಟ್ಟಿಯವಳು. ತಂದೆ ಪವರ್‌ಲೂಮ್ ನಡೆಸುತ್ತಿದ್ದರು. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಪಾಠದ ಜೊತೆಗೆ ಧಾರವಾಡದ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಪಿಎಚ್.ಡಿ.ಯನ್ನೂ ಮಾಡುತ್ತಿದ್ದಳು.

ಅವಳ ಸಂಶೋಧನೆಯ ವಿಷಯ ಏನೆಂದು ಕೇಳಿದ ದಿನವೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ಅದು ನನ್ನದೇ ವಿಷಯವಾಗಿತ್ತು. ೧೯೮೧ರಿಂದ ಎರಡು ವರ್ಷ ನಾನೂ ಧಾರವಾಡದಲ್ಲಿ ಸಂಶೋಧಕನಾಗಿದ್ದೆ. ಕೂದಲಿನಷ್ಟು ತೆಳುವಾದ ಕೆಲವು ಹರಳುಗಳಲ್ಲಿ ಪರಮಾಣುಗಳು ಸಾಲುಸಾಲಾಗಿ, ಸರಪಳಿಯಂತೆ ನಿಂತಿರುತ್ತವೆ. ಎಲೆಕ್ಟ್ರಾನುಗಳು ಆ ಸಾಲುಗಳ ಉದ್ದಕ್ಕೆ ಮಾತ್ರ ಸಲೀಸಾಗಿ ಓಡಾಡಬಲ್ಲವು, ಅಕ್ಕಪಕ್ಕಕ್ಕೆ ಹಾಯುವುದು ಕಷ್ಟ. ಅಂಥ ಇಕ್ಕಟ್ಟಿನಲ್ಲಿ ಅವು ಹೇಗೆ ವರ್ತಿಸುತ್ತವೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಉತ್ತರ ಸಿಗುವ ಮೊದಲೇ ಜಮಖಂಡಿಯ ನೌಕರಿ ಸಿಕ್ಕಿತು. ಮನೆಯವರು ನೌಕರಿ ಬಿಡಬೇಡ ಎಂದರು, ನಾನೂ ಬಿಡಲಿಲ್ಲ. ನೋಟು ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಾನು ಬಿಟ್ಟು ಬಂದದ್ದನ್ನು ನನ್ನ ಕೈಯಲ್ಲೇ ಕಲಿತ ಹುಡುಗಿ ಎತ್ತಿಕೊಂಡಿದ್ದಳು. ಹೆಮ್ಮೆ ಪಡಬೇಕಾದ ಮಾತು. ಬಾಯಲ್ಲಿ ಹಾಗೇ ಹೇಳಿದೆ.

ಜುಲೈ ಕೊನೆಯಲ್ಲಿ ಅವಳು ಒಂದು ಸಣ್ಣ ಗಾಜಿನ ಕೊಳವೆ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಒಳಗೆ ಮೂರು ನಾಲ್ಕು ಕಪ್ಪು ಕೂದಲೆಳೆಗಳಂಥವು ಇದ್ದವು. ನಯೋಬಿಯಂ ಟ್ರೈಸೆಲೆನೈಡ್ ಎಂಬ ವಸ್ತುವಿನ ಹರಳುಗಳು.

"ಧಾರವಾಡದಾಗ ಉಪಕರಣಕ್ಕ ಪಾಳಿ ಹಚ್ಚಬೇಕ್ರಿ ಸರ. ಮೂರು ತಿಂಗಳಾದ್ರೂ ನನ್ನ ಪಾಳಿ ಬರಾಂಗಿಲ್ಲ. ನಮ್ಮ ಲ್ಯಾಬಿನ್ಯಾಗ ಮಾಡಲೇನ್ರಿ?" ಎಂದಳು.

"ಮಾಡವಾ. ಆದ್ರ ಇದಕ್ಕ ಲಿಕ್ವಿಡ್ ನೈಟ್ರೋಜನ್ ಬೇಕಲ್ಲ? ಅದನ್ನ ಎಲ್ಲಿಂದ ತರತಿ?" ಎಂದೆ. ಅಲ್ಲಿಗೆ ಮುಗಿಯಿತು ಎಂದೇ ಅಂದುಕೊಂಡಿದ್ದೆ. ಈ ಹರಳನ್ನು ಮೈನಸ್ ೧೯೬ ಡಿಗ್ರಿಗೆ ಇಳಿಸಬೇಕು. ಅಷ್ಟು ತಣ್ಣನೆಯ ದ್ರವ ಸಾರಜನಕ ನಮ್ಮ ಕಡೆ ಎಲ್ಲಿ ಸಿಗಬೇಕು?

"ದನದ ದವಾಖಾನಿಯಾಗ ಐತ್ರಿ" ಎಂದಳು.

ನನಗೆ ಅದು ಹೊಳೆದಿರಲಿಲ್ಲ. ಕೃತಕ ಗರ್ಭಧಾರಣೆಗೆ ಹೋರಿಗಳ ವೀರ್ಯವನ್ನು ಕೆಡದಂತೆ ಇಡಲು ಪಶು ಆಸ್ಪತ್ರೆಗಳಲ್ಲಿ ಈ ದ್ರವ ಇದ್ದೇ ಇರುತ್ತದೆ. ಇಪ್ಪತ್ತನಾಲ್ಕು ವರ್ಷ ಆ ದವಾಖಾನೆಯ ಮುಂದೆ ಓಡಾಡಿದ್ದೆ. ಅವಳು ಬಂದು ಎರಡು ತಿಂಗಳೂ ಆಗಿರಲಿಲ್ಲ. ಅಲ್ಲಿ ಪಶು ಪರೀಕ್ಷಕರಾಗಿದ್ದ ಬೀರಪ್ಪ ಎಂಬವರು ವೈದ್ಯರ ಒಪ್ಪಿಗೆ ಪಡೆದು, ಉಳಿದದ್ದರಲ್ಲಿ ವಾರಕ್ಕೊಂದು ಫ್ಲಾಸ್ಕ್ ಕೊಡಲು ಒಪ್ಪಿದರು. ಗಲಗಲಿಯ ಕಡೆಯವರು. ಕುರಿ ಸಾಕುವ ಮನೆತನ. ಮೊದಲ ಸಲ ಫ್ಲಾಸ್ಕ್ ತಂದುಕೊಟ್ಟಾಗ, "ಏನ್ರಿ ಸರ, ಹೋರಿ ಬೀಜ ಇಡೂದ್ರಾಗ ಕರೆಂಟ್ ಇಡತೀರೇನು?" ಎಂದು ನಕ್ಕರು. ಸುನಂದಾ ಕೂಡ ನಕ್ಕಳು. ನಾನು, ಪ್ರತಿ ಫ್ಲಾಸ್ಕಿಗೂ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕು ಎಂದೆ. ಅಂಥ ನಿಯಮ ಎಲ್ಲೂ ಇರಲಿಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ನಾನು ವರಾಂಡದಲ್ಲಿ ಹೋಗುತ್ತಿದ್ದಾಗ ಅವಳ ತರಗತಿಯಿಂದ ಸದ್ದೇ ಬರುತ್ತಿರಲಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ತರಗತಿ ಹಾಗೆ ಸುಮ್ಮನಿರುವುದು ಅಪರೂಪ. ನಿಂತು ಕೇಳಿದೆ. ಅವಳು ಕ್ವಾಸಿ ಪಾರ್ಟಿಕಲ್ ಅಂದರೆ ಏನು ಎಂದು ಹೇಳುತ್ತಿದ್ದಳು.

"ಮೈದಾನದಾಗ ಮಂದಿ ಇದ್ದರ ನೀವು ಸಂದ್ಯಾಗ ಹಾದು ಹೋಗಬಹುದು. ಅಕ್ಕಪಕ್ಕದವರು ಒಂಚೂರು ಸರದು ಹಾದಿ ಕೊಡತಾರ. ನಿಮ್ಮ ಜೋಡಿ ಆ ಸರದಾಟನೂ ಮುಂದ ಹೊಕ್ಕೈತಿ. ನೀವು ಮತ್ತ ಆ ಸರದಾಟ ಕೂಡಿ ಒಂದು ಕಣ ಅಂತ ಎಣಸ್ತೇವಿ. ಅದು ಕ್ವಾಸಿ ಪಾರ್ಟಿಕಲ್. ಈಗ ನಮ್ಮ ಬನಹಟ್ಟಿ ಓಣಿಗೆ ಬರ್ರಿ. ಒಬ್ಬರ ಹಿಂದ ಒಬ್ಬರ ನಿಲ್ಲಬೇಕು. ಯಾರೂ ಯಾರನ್ನೂ ದಾಟಾಕ ಬರಾಂಗಿಲ್ಲ. ಹಿಂದಿನಾಂವ ನೂಕಿದ. ಏನಾತು? ಯಾರೂ ಮುಂದ ಹೋಗಲಿಲ್ಲ. ಆದ್ರ ನೂಕು ಹೋತು! ಇಲ್ಲಿ ಕಣ ಯಾವುದು? ಮನಷ್ಯಾನೋ, ನೂಕೋ?"

"ನೂಕುರಿ!" ಎಂದು ಇಡೀ ತರಗತಿ ಕೂಗಿತು.

ಇದನ್ನು ನಾನು ಎಷ್ಟೋ ಸಲ ಹೇಳಲು ಹೋಗಿ ಸಮೀಕರಣಗಳಲ್ಲಿ ಸಿಕ್ಕಿಕೊಂಡಿದ್ದೆ. ಅವಳು ಹತ್ತು ನಿಮಿಷದಲ್ಲಿ, ಬನಹಟ್ಟಿಯ ಒಂದು ಓಣಿ ಇಟ್ಟುಕೊಂಡು ಮುಗಿಸಿದಳು. ಅಂದಿನಿಂದ ಹುಡುಗರು ಸಂದೇಹ ಕೇಳಲು ಅವಳ ಬಳಿಗೇ ಹೋಗತೊಡಗಿದರು. ಎಷ್ಟು ಜನ ಅವಳ ಬಳಿ ಹೋದರು, ಎಷ್ಟು ಜನ ನನ್ನ ಬಳಿ ಬಂದರು ಎಂದು ನಾನು ಎಣಿಸುತ್ತಿದ್ದೆ. ಐವತ್ತು ವರ್ಷದ ಹೊಸ್ತಿಲಲ್ಲಿದ್ದ ಗಂಡಸು ಬಾಗಿಲ ಸಂದಿಯಿಂದ ಇಂಥ ಲೆಕ್ಕ ಹಾಕುತ್ತಿದ್ದ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಇನ್ನು ಮುಂದಿನದು ತಿಳಿಯಲು ಪ್ರಯೋಗದ ಬಗ್ಗೆ ಸ್ವಲ್ಪ ಹೇಳಬೇಕು. ಈ ಹರಳನ್ನು ತಣ್ಣಗೆ ಮಾಡಿದಾಗ ಅದರ ಎಲೆಕ್ಟ್ರಾನುಗಳಲ್ಲಿ ಒಂದು ಪಾಲು ಒಂಟಿಯಾಗಿ ಓಡಾಡುವುದನ್ನು ಬಿಡುತ್ತದೆ. ಆ ಪಾಲಿನವೆಲ್ಲ ಸೇರಿ ಒಂದೇ ಅಲೆಯಾಗಿ ಸಾಲುಗಟ್ಟುತ್ತವೆ. ಇದಕ್ಕೆ ಚಾರ್ಜ್ ಡೆನ್ಸಿಟಿ ವೇವ್ ಎನ್ನುತ್ತಾರೆ. ಹರಳಿನ ದೋಷಗಳು ಆ ಅಲೆಯನ್ನು ಕಟ್ಟಿಹಾಕಿರುತ್ತವೆ. ಸ್ವಲ್ಪ ವೋಲ್ಟೇಜ್ ಕೊಟ್ಟರೆ ಉಳಿದ ಒಂಟಿ ಎಲೆಕ್ಟ್ರಾನುಗಳು ಮಾತ್ರ ಹರಿಯುತ್ತವೆ. ಒಂದು ಮಿತಿ ದಾಟಿದ ಕೂಡಲೇ ಅಲೆ ಇಡಿಯಾಗಿ ಕಿತ್ತುಕೊಂಡು ಜಾರುತ್ತದೆ, ಹೆಚ್ಚುವರಿ ಕರೆಂಟು ಹರಿಯುತ್ತದೆ. ಹಾಗೆ ಜಾರುವಾಗ ಅದು ಒಂದು ನಿಯಮಿತ ಕಂಪನವನ್ನು ಹೊರಡಿಸುತ್ತದೆ. ಹೆಚ್ಚುವರಿ ಕರೆಂಟು ಏರಿದಷ್ಟೂ ಆ ಕಂಪನದ ಆವರ್ತನ, ಅಂದರೆ ಫ್ರೀಕ್ವೆನ್ಸಿ, ಏರುತ್ತದೆ. ಆ ಕಂಪನ ಕಂಡರೆ ಎಲೆಕ್ಟ್ರಾನುಗಳು ಒಟ್ಟಾಗಿ ಚಲಿಸುತ್ತಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಹೊರದೇಶದ ದೊಡ್ಡ ಪ್ರಯೋಗಾಲಯಗಳಲ್ಲಿ ಇದನ್ನು ಮೊದಲೇ ಕಂಡಿದ್ದರು. ಸುನಂದಾಳ ಹರಳುಗಳಲ್ಲಿ ಧಾರವಾಡದ ಪ್ರಾಧ್ಯಾಪಕರು ಬೇರೊಂದು ಲೋಹವನ್ನು ಸ್ವಲ್ಪ ಬೆರೆಸಿದ್ದರು. ಹಾಗೆ ಬೆರೆಸಿದ ಮೇಲೂ ಅಲೆ ಜಾರುತ್ತದೆಯೇ ಎಂಬುದೇ ಅವಳ ಪ್ರಶ್ನೆ.

ಡಿಸೆಂಬರಿನ ಒಂದು ಮಧ್ಯಾಹ್ನ ಅವಳು ಓಡಿ ಬಂದಳು. "ಸರ, ಲಗೂನ ಬರ್ರಿ."

ವಿದ್ಯುತ್ ಕಂಪನವನ್ನು ಗೆರೆಯಾಗಿ ತೋರಿಸುವ ನಮ್ಮ ಹಳೆಯ ಆಸಿಲೋಸ್ಕೋಪಿನ ಹಸಿರು ಪರದೆಯ ಮೇಲೆ ಅಲೆ ಮೂಡಿತ್ತು. ಸಣ್ಣದು, ಸ್ವಲ್ಪ ನಡುಗುತ್ತಿತ್ತು, ಆದರೆ ಅಲೆಯೇ. ಅವಳು ಕರೆಂಟಿನ ಗುಂಡಿಯನ್ನು ತುಸು ತಿರುಗಿಸಿದಳು. ಅಲೆಗಳು ಹತ್ತಿರಕ್ಕೆ ಸರಿದವು. ಇಳಿಸಿದಳು. ದೂರವಾದವು. ಮೂರು ಸಲ ಮಾಡಿ ತೋರಿಸಿದಳು. ಮೂರು ಸಲವೂ ನಾನು ನೋಡಿದೆ. ಇಪ್ಪತ್ತಾರು ವರ್ಷದ ಹಿಂದೆ ಇದೊಂದನ್ನು ಕಾಣಲು ನಾನು ಎಷ್ಟು ಹಂಬಲಿಸಿದ್ದೆ! ಈಗ ಕಣ್ಣ ಮುಂದೆ ಇತ್ತು. ಅವಳ ಕೈಯಲ್ಲಿ ಇತ್ತು.

"ಲೈನ್ ನಾಯ್ಸ್ ಇರಬೇಕು ನೋಡು" ಎಂದೆ.

ಲೈನ್ ನಾಯ್ಸ್ ಎಂದರೆ ಮನೆಗೆ ಬರುವ ಕರೆಂಟಿನ ಲೈನಿನಿಂದ ಉಪಕರಣದೊಳಗೆ ನುಸುಳುವ ಕಲಬೆರಕೆ ಕಂಪನ. ಅದರ ಆವರ್ತನ ಯಾವಾಗಲೂ ಸೆಕೆಂಡಿಗೆ ಐವತ್ತು, ಇಲ್ಲವೇ ನೂರು, ನೂರೈವತ್ತರಂಥ ಅದರ ಅಪವರ್ತ್ಯ. ನೀವು ಹರಳಿನ ಕರೆಂಟನ್ನು ಹೆಚ್ಚಿಸಿದಿರಿ ಎಂದು ಅದು ಜಾಗ ಬದಲಿಸುವುದಿಲ್ಲ. ಇದು ಬಿ.ಎಸ್ಸಿ. ಹುಡುಗನಿಗೂ ಗೊತ್ತು. ನನಗೂ ಗೊತ್ತಿತ್ತು. ಸುನಂದಾ ನನ್ನ ಮುಖ ನೋಡಿದಳು, ಆಮೇಲೆ ಅಳತೆಗಳನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡಳು.

ವಾರದ ನಂತರ ಅವಳ ಪ್ರಾಧ್ಯಾಪಕರು ನನಗೆ ಪತ್ರ ಬರೆದರು. ಮಾರ್ಚಿನಲ್ಲಿ ದೊಡ್ಡ ಕಾರ್ಯಾಗಾರವೊಂದಿದೆ, ತಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಸ್ಥಾನವಿದೆ, ಸುನಂದಾಳ ಫಲಿತಾಂಶ ನಿಜವಾದರೆ ಅವಳನ್ನೇ ಕಳಿಸುತ್ತೇನೆ, ಪ್ರಯೋಗ ನಿಮ್ಮಲ್ಲಿ ನಡೆದಿರುವುದರಿಂದ ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಕೇಳಿದ್ದರು.

ನಾನು ಉತ್ತರ ಬರೆದೆ. ನಮ್ಮ ಕಾಲೇಜಿನ ಹಿಂದೆ ಹಿಟ್ಟಿನ ಗಿರಣಿ ಮತ್ತು ವೆಲ್ಡಿಂಗ್ ಅಂಗಡಿ ಇವೆ, ಒಂದೇ ಲೈನು, ನಮ್ಮ ಅರ್ಥಿಂಗ್ ಹಳೆಯದು, ಆಸಿಲೋಸ್ಕೋಪ್ ರಿಪೇರಿಯಾದದ್ದು, ಆದ್ದರಿಂದ ಹೊರಗಿನ ಕಂಪನ ನುಸುಳಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆ ಪತ್ರದ ಒಂದೊಂದು ವಾಕ್ಯವೂ ನಿಜವಾಗಿತ್ತು. ಕರೆಂಟು ಏರಿಸಿದಾಗ ಆವರ್ತನ ಸರಿಯಿತು ಎಂಬ ಒಂದು ವಾಕ್ಯ ಮಾತ್ರ ಅದರಲ್ಲಿ ಇರಲಿಲ್ಲ. ಪೋಸ್ಟಿಗೆ ಹಾಕಿ ಬಂದು ಊಟ ಮಾಡಿದೆ. ಊಟ ರುಚಿಸಿತು. ಅದನ್ನೂ ಇಲ್ಲಿ ಹೇಳಬೇಕು.

ಜನವರಿಯಲ್ಲಿ ಕಾರ್ಯಾಗಾರದ ಸ್ಥಾನ ಬೇರೊಬ್ಬ ವಿದ್ಯಾರ್ಥಿಗೆ ಹೋಯಿತು. ಪ್ರಾಧ್ಯಾಪಕರು ನನ್ನ ಪತ್ರದ ಒಂದು ಪ್ರತಿಯನ್ನು ಸುನಂದಾಳಿಗೆ ಕೊಟ್ಟಿದ್ದರು. ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಧ್ವನಿ ಏರಲಿಲ್ಲ.

"ಸರ, ಕರೆಂಟ್ ಹೆಚ್ಚಿಗಿ ಮಾಡಿದಾಗ ಅದು ಸರದದ್ದು ನೀವು ನೋಡಿದ್ರಿ."

"ನನಗ ಹಂಗ ನೋಡಿದ ನೆನಪಿಲ್ಲವಾ" ಎಂದೆ.

ಅವಳು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಹೋದಳು.

ಅವಳು ಅಳುತ್ತಾಳೆ, ಇಲ್ಲವೇ ಪ್ರಿನ್ಸಿಪಾಲರ ಬಳಿ ಹೋಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಫೆಬ್ರುವರಿ ಮೊದಲ ವಾರ ಒಂದು ಅರ್ಜಿ ತಂದಳು. ವಿದ್ಯುತ್ ಲೈನೇ ಇಲ್ಲದ ಕಡೆ ಪ್ರಯೋಗ ಮಾಡಬೇಕು, ಅದಕ್ಕೆ ಉಪಕರಣಗಳನ್ನು ಕಾಲೇಜಿನ ಹೊರಗೆ ಒಯ್ಯಲು ಅನುಮತಿ ಬೇಕು. ಜಾಗ: ಗಲಗಲಿಯಲ್ಲಿ ಬೀರಪ್ಪನವರ ಹೊಲ, ಕೃಷ್ಣೆಯ ದಂಡೆ. ಕರೆಂಟಿಗೆ ಟ್ರ್ಯಾಕ್ಟರಿನ ಬ್ಯಾಟರಿ.

"ಬ್ಯಾಟರಿ ಮ್ಯಾಲ ಆಸಿಲೋಸ್ಕೋಪ್ ನಡಿಯಾಂಗಿಲ್ಲಲ್ಲ" ಎಂದೆ.

"ಅದು ಬ್ಯಾಡ್ರಿ. ಸಣ್ಣ ಆಂಪ್ಲಿಫೈಯರ್ ಕಟ್ಟೇನಿ. ಟಾರ್ಚಿನ ಶೆಲ್ ಮ್ಯಾಲ ನಡೀತೈತಿ. ಹೆಡ್‌ಫೋನಿನ್ಯಾಗ ಕೇಳಬೇಕು. ಆವರ್ತನಕ್ಕ ನಮ್ಮ ಲ್ಯಾಬಿನ ಟ್ಯೂನಿಂಗ್ ಫೋರ್ಕ್ ಜೋಡಿ ತಾಳೆ ನೋಡೂದ್ರಿ."

ಟ್ಯೂನಿಂಗ್ ಫೋರ್ಕ್ ಎಂದರೆ ಶ್ರುತಿಕವೆ. ಬಡಿದರೆ ಒಂದೇ ನಿಶ್ಚಿತ ಸ್ವರ ಕೊಡುವ ಕಬ್ಬಿಣದ ಕವಲು. ಪ್ರತಿಯೊಂದರ ಮೇಲೂ ಅದರ ಆವರ್ತನ ಕೆತ್ತಿರುತ್ತದೆ. ಎರಡು ಸ್ವರ ಒಂದೇ ಎಂದು ಕಿವಿಯಿಂದ ಗುರುತಿಸುವ ಪ್ರಯೋಗವನ್ನು ನಾನು ವರ್ಷ ವರ್ಷ ಮಾಡಿಸಿದ್ದೆ. ಆ ವಿಷಯದಲ್ಲಿ ನನ್ನ ಕಿವಿ ತಪ್ಪುವುದಿಲ್ಲ ಎಂದು ಕಾಲೇಜಿನಲ್ಲೆಲ್ಲ ಹೆಸರಿತ್ತು.

"ನೀವ ಕೇಳಬೇಕ್ರಿ ಸರ" ಎಂದಳು. "ನಾನು ಮಗ್ಗದ ಸಪ್ಪಳದಾಗ ಬೆಳದಾಕಿ. ಸಣ್ಣ ಫರಕ ನನ್ನ ಕಿವಿಗೆ ತಿಳಿಯಾಂಗಿಲ್ಲ."

"ಬ್ಯಾರೆ ಯಾರನ್ನರೆ ಕರಕೊಂಡು ಹೋಗು."

"ಬ್ಯಾರೆದವರು ಕೇಳಿದ್ರ ನೀವು ಮತ್ತ ಲೈನ್ ನಾಯ್ಸ್ ಅಂತೀರಿ. ಅದಕ್ಕ ನಿಮ್ಮ ಕಿವಿನ ಬೇಕು."

ಸಹಿ ಹಾಕಿದೆ. ಬರುವುದಿಲ್ಲ ಎನ್ನಲು ನನ್ನಲ್ಲಿ ಕಾರಣ ಉಳಿದಿರಲಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಮೂವರು ಗಲಗಲಿಯ ಹೊಲದಲ್ಲಿ ಒಂದು ಬೇವಿನ ಮರದ ಕೆಳಗಿದ್ದೆವು. ಸುತ್ತ ಕಬ್ಬು, ಆಚೆ ಹಿನ್ನೀರು. ಕಣ್ಣಿಗೆ ಕಾಣುವಷ್ಟು ದೂರ ಒಂದು ಕಂಬವಿಲ್ಲ, ತಂತಿಯಿಲ್ಲ. ಬೀರಪ್ಪ ಫ್ಲಾಸ್ಕನ್ನು ಬೈಕಿನ ಹಿಂದೆ ಕಟ್ಟಿ ತಂದಿದ್ದರು. ಸುನಂದಾ ಹರಳು ಅಂಟಿಸಿದ್ದ ಕಡ್ಡಿಯನ್ನು ಮೆಲ್ಲಗೆ ಅದರೊಳಗೆ ಇಳಿಸಿದಳು. ಬಿಳಿಯ ಹೊಗೆ ಉಕ್ಕಿ ನೆಲಕ್ಕೆ ಹರಿಯಿತು. ಆಂಪ್ಲಿಫೈಯರನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿದ್ದಳು.

ನಾನು ಅವಳಿಗೆ ಬೆನ್ನು ಮಾಡಿ ಕೂರಬೇಕು, ಮೀಟರ್ ನನಗೆ ಕಾಣಬಾರದು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದರ ಬಳಿ ಶ್ರುತಿಕವೆ. ಅವಳು ಕರೆಂಟನ್ನು ಮೆಲ್ಲಗೆ ಏರಿಸುತ್ತಾಳೆ. ಎರಡು ಸ್ವರ ಕೂಡಿದಾಗ ನಾನು ಕೈ ಎತ್ತಬೇಕು. ಆ ಕ್ಷಣದ ಕರೆಂಟನ್ನು ಅವಳು ಬರೆದುಕೊಳ್ಳುತ್ತಾಳೆ.

ಮೊದಲು ಬರೀ ಸೊಯ್ಯೆನ್ನುವ ಸದ್ದು. ಎರಡು ನಿಮಿಷ ಅಷ್ಟೇ. ಏನೂ ಬರದಿರಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಅಷ್ಟರಲ್ಲಿ ಆ ಸೊಯ್ಯೆನ್ನುವುದರ ಅಡಿಯಿಂದ ಒಂದು ದಪ್ಪ ಸ್ವರ ಎದ್ದಿತು. ಸ್ವಲ್ಪ ಅಲುಗುತ್ತ, ಸಣ್ಣಗಾಗುತ್ತ, ಮೇಲೇರತೊಡಗಿತು. ಯಾರೋ ದೂರದಲ್ಲಿ ಸಿಳ್ಳೆ ಹಾಕಿದಂತೆ. ಅದು ಯಾವ ಲೈನಿನ ಸದ್ದೂ ಅಲ್ಲ. ಎಣಿಸಲಾರದಷ್ಟು ಎಲೆಕ್ಟ್ರಾನುಗಳು ಒಟ್ಟಿಗೆ ಕದಲುತ್ತಿದ್ದ ಸದ್ದು ಅದು. ಜಗತ್ತಿನಲ್ಲಿ ಆ ಹೊತ್ತು ಅದನ್ನು ಕೇಳುತ್ತಿದ್ದವನು ನಾನೊಬ್ಬನೇ.

ನಾನು ಕೈ ಎತ್ತಲಿಲ್ಲ.

"ಏನರೆ ಕೇಳತೈತೇನ್ರಿ ಸರ?" ಎಂದು ಬೀರಪ್ಪ ಕೇಳಿದರು.

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಕಿವಿಯನ್ನು ಯಾರು ಪ್ರಶ್ನಿಸುತ್ತಾರೆ? ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಸ್ವರ ಕೇಳುತ್ತಲೇ ಇತ್ತು. ಡಿಸೆಂಬರಿನಲ್ಲಿ ಪರದೆಯಿಂದ ಕಣ್ಣು ತಿರುಗಿಸಿದ್ದೆ. ಇಲ್ಲಿ ಅದು ಕಿವಿಯೊಳಗೇ ಇತ್ತು. ಇಪ್ಪತ್ತಾರು ವರ್ಷ ಬಯಸಿದ್ದನ್ನು ಕೇಳಿಸಿಕೊಂಡು, ಕೇಳಲಿಲ್ಲ ಎಂದರೆ ನನ್ನದು ಅಂತ ಏನು ಉಳಿಯುತ್ತದೆ ಎನಿಸಿತು.

"ಕೇಳತೈತಿ" ಎಂದೆ. "ದಾಟಿ ಹೋತು. ಸುನಂದಾ, ಹಿಂದ ತಗೋ. ಇನ್ನೂರ ಐವತ್ತಾರರಿಂದ ಸುರು ಮಾಡೂನು."

೨೫೬ರ ಶ್ರುತಿಕವೆ ಬಡಿದು ಕಿವಿಗೆ ಹಿಡಿದೆ. ಸಿಳ್ಳೆ ಮೆಲ್ಲಗೆ ಏರಿ ಬಂದು ಅದರೊಡನೆ ಕೂಡಿತು. ಕೈ ಎತ್ತಿದೆ. ನಂತರ ೩೨೦, ೩೮೪, ೫೧೨. ಪ್ರತಿಯೊಂದನ್ನೂ ಐದೈದು ಸಲ ಮಾಡಿದೆವು. ಮಧ್ಯಾಹ್ನ ಒಂದು ಗಂಟೆಗೆ ದ್ರವ ಆರುತ್ತ ಬಂದಿತ್ತು. ಸುನಂದಾ ಗ್ರಾಫ್ ಹಾಳೆಯನ್ನು ಬ್ಯಾಟರಿಯ ಮೇಲೆ ಹರಡಿ ಚುಕ್ಕೆ ಇಟ್ಟಳು. ೨೫೬ಕ್ಕೆ ಬೇಕಾದ ಹೆಚ್ಚುವರಿ ಕರೆಂಟಿನ ಸುಮಾರು ಎರಡು ಪಟ್ಟು ೫೧೨ಕ್ಕೆ ಬೇಕಾಗಿತ್ತು. ಚುಕ್ಕೆಗಳ ನಡುವೆ ಸ್ಕೇಲ್ ಇಟ್ಟಳು. ನೇರ ಗೆರೆ. ಹಾಳೆಯ ಕೆಳಗೆ, "ಕೇಳಿದವರು" ಎಂದು ಬರೆದು ಪೆನ್ನನ್ನು ನನ್ನ ಮುಂದೆ ಹಿಡಿದಳು. ಸಹಿ ಮಾಡಿದೆ. ಬೀರಪ್ಪ ರೊಟ್ಟಿ ಗಂಟು ಬಿಚ್ಚಿದರು. ನನಗೆ ಆ ದಿನ ಊಟ ಇಳಿಯಲಿಲ್ಲ.

ಮರುದಿನ ಧಾರವಾಡಕ್ಕೆ ಎರಡನೆಯ ಪತ್ರ ಬರೆದೆ. ಗಲಗಲಿಯ ಅಳತೆಗಳನ್ನು ಬರೆಯುವುದು ಸುಲಭವಾಗಿತ್ತು. ಅದರ ನಂತರದ ಎರಡು ವಾಕ್ಯಗಳಿಗೆ ಅರ್ಧ ದಿನ ಹಿಡಿಯಿತು. "ಡಿಸೆಂಬರಿನಲ್ಲಿಯೇ ಆವರ್ತನ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮತ್ಸರದಿಂದ ಅದನ್ನು ತಿಳಿದೂ ತಿಳಿದೂ ಬಿಟ್ಟು ಬರೆದೆ." 'ಮತ್ಸರ' ಎಂಬ ಪದವನ್ನು ಎರಡು ಸಲ ಹೊಡೆದುಹಾಕಿ 'ಅಚಾತುರ್ಯ' ಎಂದು ಬರೆದೆ. ಎರಡು ಸಲವೂ ಹಾಳೆ ಬದಲಿಸಿ 'ಮತ್ಸರ' ಎಂದೇ ಬರೆದೆ.

ಪೋಸ್ಟಿಗೆ ಹಾಕುವ ಮೊದಲು ಸುನಂದಾಳನ್ನು ಕರೆದು ಓದಲು ಕೊಟ್ಟೆ. ನಿಂತುಕೊಂಡೇ ಓದಿದಳು.

"ಬರದ್ರಿ, ಛಲೋ ಆತು ಸರ" ಎಂದಳು. ಆಮೇಲೆ, "ಆದ್ರ ಆ ಸೀಟು ಹೋತು" ಎಂದಳು.

"ಖರೆ" ಎಂದೆ. ಲಕೋಟೆ ಅಂಟಿಸಿ ಪೋಸ್ಟಿಗೆ ಹಾಕಿ ಬಂದೆ.

ಧಾರವಾಡದಲ್ಲಿ ಒಳ್ಳೆಯ ಉಪಕರಣಗಳ ಮೇಲೆ ಅದೇ ಪ್ರಯೋಗ ಮತ್ತೆ ನಡೆದು ಅವಳ ಫಲಿತಾಂಶ ಗಟ್ಟಿಯಾಯಿತು. ಮರುವರ್ಷ ಪ್ರಬಂಧ ಅಚ್ಚಾಯಿತು. ಕೆಲವು ವರ್ಷಗಳಲ್ಲಿ ಪಿಎಚ್.ಡಿ. ಮುಗಿಸಿ ಬೇರೆ ಊರಿನಲ್ಲಿ ಕಾಯಂ ಪ್ರಾಧ್ಯಾಪಕಿಯಾದಳು. ಎದುರಿಗೆ ಸಿಕ್ಕಾಗ ಗೌರವದಿಂದಲೇ ಮಾತಾಡಿಸುತ್ತಾಳೆ. ಆದರೆ ಆ ಫೆಬ್ರುವರಿಯ ನಂತರ ತನ್ನ ಯಾವ ಹೊಸ ಕೆಲಸವನ್ನೂ ನನಗೆ ಮೊದಲು ತೋರಿಸಿದ್ದಿಲ್ಲ. ಮೊದಲಾದರೆ ಎಲ್ಲಕ್ಕೂ ಓಡಿ ಬರುತ್ತಿದ್ದಳು.

ಹೊಟ್ಟೆಕಿಚ್ಚು ಅಂದೇ ಆರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಚ್ಚಾದ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಮಾಡಿದ್ದು ಅದರಲ್ಲಿ ತಪ್ಪು ಹುಡುಕುವ ಕೆಲಸ. ಒಂದು ಅಚ್ಚಿನ ತಪ್ಪು ಸಿಕ್ಕಿತು, ಸಂತೋಷವೂ ಆಯಿತು. ಆ ರೋಗ ನನ್ನಲ್ಲಿದೆ ಎಂದು ಒಪ್ಪಿಕೊಂಡ ಮೇಲೆಯೇ ಅದಕ್ಕೆ ಒಂದು ಕಟ್ಟು ಹಾಕಲು ಸಾಧ್ಯವಾಯಿತು. ಇನ್ನೊಬ್ಬರ ಕೆಲಸದ ಬಗ್ಗೆ ಬರೆಯುವ ಅಧಿಕಾರ ಕೈಗೆ ಬಂದವನು ಸುಳ್ಳು ಬರೆಯಬೇಕಾಗಿಲ್ಲ, ಒಂದು ವಾಕ್ಯ ಬಿಟ್ಟರೆ ಸಾಕು. ನೌಕರಿ ನನಗೆ ಕಲಿಸಿದ್ದು ಇದು. ಅದಾದ ಮೇಲೆ ನಿವೃತ್ತಿಯಾಗುವವರೆಗೆ ನಾನು ಯಾರ ಬಗ್ಗೆ ಅಭಿಪ್ರಾಯ ಪತ್ರ ಬರೆದರೂ, ಕಳಿಸುವ ಮೊದಲು ಅವರನ್ನೇ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹಾಗೆ ಓದುವಾಗ ಎರಡು ಸಲ ನನ್ನ ಧ್ವನಿ ತಡವರಿಸಿತು. ಎರಡು ಸಲವೂ ಪತ್ರ ಹರಿದು ಹೊಸದಾಗಿ ಬರೆದೆ.